ತಂತಿಗೂ ಉದ್ದ ಇದೆ: ಆಂಟೆನಾ ಮ್ಯಾಚಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ನಮ್ಮ ಮನೆ ತಾರಸಿಯ ಮೇಲೆ ಎರಡು ಆಂಟೆನಾ ಇವೆ. ನೋಡಿದವರು ಮೊದಲು ಕೇಳುವುದು "ಇದು ಟಿವಿದಾ?" ಅಂತ. ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳ ರೇಡಿಯೋ, ಅಂತ ಗೊತ್ತಿದ್ದವರ ಪ್ರಶ್ನೆಗಳೇ ಬೇರೆ. ಹೊಸದಾಗಿ ವಿಯು3 ಕರೆಸಂಕೇತ (ಹ್ಯಾಮ್ ಲೈಸೆನ್ಸಿನ ಗುರುತು) ಸಿಕ್ಕ ಹುಡುಗರು, ಎಂಜಿನಿಯರಿಂಗ್ ಓದುವವರು, ಶಿರಸಿ ಕಡೆ ಅಡಿಕೆ ತೋಟ ಇರುವ ಒಬ್ಬ ಗೆಳೆಯ, ಎಲ್ಲರ ಗೋಳೂ ಸುತ್ತಿ ಬಳಸಿ ಒಂದೇ: "ಲೆಕ್ಕ ಸರಿ ಇದೆ, ಆಂಟೆನಾ ಮಾತು ಕೇಳ್ತಾ ಇಲ್ಲ." ರೇಡಿಯೋಗೂ ಆಂಟೆನಾಗೂ ಹೊಂದಿಸುವ ಮ್ಯಾಚಿಂಗ್‌ಗೆ ಅವರು ಹಾಕುವುದು ಲಂಪ್ಡ್ ಮಾಡೆಲ್‌ನ ಲೆಕ್ಕ, ತೊಂದರೆ ಇರುವುದು ಅದರಲ್ಲೇ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಲಂಪ್ಡ್ ಮಾಡೆಲ್ ಅಂದರೆ ಏನು?

ಒಂದು ಸರ್ಕ್ಯೂಟ್ ಚಿತ್ರ ನೆನಪಿಸಿಕೊಳ್ಳಿ. ಕಾಯಿಲ್‌ಗೆ ಒಂದು ಚಿಹ್ನೆ, ಕೆಪಾಸಿಟರ್‌ಗೆ ಒಂದು ಚಿಹ್ನೆ, ನಡುವೆ ಗೆರೆ. ಕಾಯಿಲ್‌ನ ಗುಣವೆಲ್ಲ ಆ ಚಿಹ್ನೆಯೊಳಗೇ ಗಂಟು ಕಟ್ಟಿಟ್ಟ ಹಾಗೆ. ಗೆರೆಗೆ ಉದ್ದವೇ ಇಲ್ಲ. ಈ ತುದಿಯಲ್ಲಿ ಎಷ್ಟು ವೋಲ್ಟೇಜ್ ಇದೆಯೋ ಆ ತುದಿಯಲ್ಲೂ ಅಷ್ಟೇ, ಅದೂ ಅದೇ ಕ್ಷಣದಲ್ಲಿ. ಇದೇ ಲಂಪ್ಡ್ ಮಾಡೆಲ್. 1845ರಲ್ಲಿ ಕಿರ್ಕಾಫ್ ಕೊಟ್ಟ ಎರಡು ನಿಯಮಗಳನ್ನು ನಾವು ಬಳಸುವುದು ಇದನ್ನು ನಂಬಿಕೊಂಡೇ.

ಕುಮಟಾ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಅಘನಾಶಿನಿ ದಂಡೆಯ ಗಜನಿಗೆ, ಅಂದರೆ ಉಪ್ಪುನೀರು ಹತ್ತುವ ಗದ್ದೆಗೆ, ತೂಬು ಎತ್ತಿ ನೀರು ಬಿಟ್ಟರೆ, ಒಂದು ಸಣ್ಣ ಗದ್ದೆಯ ನೀರು ಎಲ್ಲ ಮೂಲೆಯಲ್ಲೂ ಒಟ್ಟಿಗೆ ಏರುತ್ತದೆ. ಎಲ್ಲಿ ಕೋಲು ನೆಟ್ಟು ಅಳೆದರೂ ಅಷ್ಟೇ. ಹೊಳೆ ಹಾಗಲ್ಲ. ಅಳಿವೆ ಬಾಯಲ್ಲಿ ಭರತ ತುಂಬಿದ ಎಷ್ಟೋ ಹೊತ್ತಿನ ಮೇಲೆ ಒಳಗಿನ ಊರಲ್ಲಿ ತುಂಬುತ್ತದೆ. ಒಂದೇ ಹೊಳೆ, ಒಂದೇ ಕ್ಷಣ, ಮಟ್ಟ ಮಾತ್ರ ಬೇರೆ ಬೇರೆ. ಲಂಪ್ಡ್ ಮಾಡೆಲ್‌ಗೆ ಗೊತ್ತಿರುವುದು ಗಜನಿ ಗದ್ದೆ ಮಾತ್ರ. ಆಂಟೆನಾ ಮತ್ತು ಅದರ ಕೇಬಲ್ ಹೊಳೆ.

ಹಾಗಾದರೆ ಎಷ್ಟು ಉದ್ದದಿಂದ ತೊಂದರೆ ಶುರು?

ಮೀಟರ್ ಲೆಕ್ಕದಲ್ಲಿ ಹೇಳಲಿಕ್ಕೆ ಬರುವುದಿಲ್ಲ. ಅಲೆಯುದ್ದದ ಲೆಕ್ಕದಲ್ಲಿ ಹೇಳಬೇಕು. (ಪಠ್ಯಪುಸ್ತಕದವರು ಇದಕ್ಕೆ ತರಂಗಾಂತರ ಅನ್ನುತ್ತಾರೆ.) ವಸ್ತುವಿನ ಉದ್ದ ಅಲೆಯುದ್ದದ ಹತ್ತನೇ ಒಂದು ಭಾಗ ದಾಟಿತು ಅಂದರೆ ಲಂಪ್ಡ್ ಲೆಕ್ಕವನ್ನು ಅನುಮಾನದಿಂದ ನೋಡಿ. ನಾನು ಇನ್ನೂ ಸ್ವಲ್ಪ ಪುಕ್ಕಲ. ಇಪ್ಪತ್ತನೇ ಒಂದು ಭಾಗಕ್ಕೇ ಎಚ್ಚರ ಆಗುತ್ತೇನೆ.

ಅಲೆಯುದ್ದ ತೆಗೆಯುವುದು ಸುಲಭ: 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಮೀಟರ್ ಸಿಗುತ್ತದೆ. ಮನೆಯ 50 ಹರ್ಟ್ಸ್ ಕರೆಂಟಿನ ಅಲೆ 6000 ಕಿಲೋಮೀಟರ್. ಕಾರವಾರದಿಂದ ಶಿರಸಿಗೆ ತಂತಿ ಎಳೆದರೂ ಅದರ ಮುಂದೆ ಅದು ಬರೀ ಚುಕ್ಕಿ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಲೆ 392 ಮೀಟರ್. ನಾವು ಶಿರಸಿ ಗೆಳೆಯನ ಜೊತೆ ಮಾತಾಡುವ 7.1 ಮೆಗಾಹರ್ಟ್ಸ್‌ನಲ್ಲಿ 42 ಮೀಟರ್. ಮೀನುಗಾರಿಕೆ ಬೋಟಿನ ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್) ಸೆಟ್ಟಿನ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ, 1.9 ಮೀಟರ್. 435ರಲ್ಲಿ 69 ಸೆಂಟಿಮೀಟರ್. ಇದರ ಹತ್ತನೇ ಒಂದು ಭಾಗ ಅಂದರೆ ಏಳು ಸೆಂಟಿಮೀಟರ್, ನಿಮ್ಮ ಬೆರಳಿನಷ್ಟು. ಬೆರಳುದ್ದದ ತಂತಿಯನ್ನೂ ಅಲ್ಲಿ "ಸುಮ್ನೆ ಒಂದು ಗೆರೆ" ಅನ್ನುವ ಹಾಗಿಲ್ಲ.

ಮ್ಯಾಚಿಂಗ್ ಯಾಕೆ ಬೇಕು?

ರೇಡಿಯೋ 50 ಓಮ್ ನೋಡಲು ಬಯಸುತ್ತದೆ. ಆಂಟೆನಾ ಬೇರೆ ಏನೋ ತೋರಿಸುತ್ತದೆ. ನಡುವೆ ಒಂದು ದುಭಾಷಿ ಬೇಕು, ಅಷ್ಟೇ.

ಪುಸ್ತಕದ ಎಲ್-ನೆಟ್‌ವರ್ಕ್ (ಒಂದು ಕಾಯಿಲ್, ಒಂದು ಕೆಪಾಸಿಟರ್ ಇರುವ ಮ್ಯಾಚಿಂಗ್ ಸರ್ಕ್ಯೂಟ್) 7 ಮೆಗಾಹರ್ಟ್ಸ್‌ನಲ್ಲಿ ಸರಿಯಾಗಿ ಕೆಲಸ ಮಾಡಿತು. ಅದೇ ಲೆಕ್ಕ 145ರಲ್ಲಿ ಯಾಕೆ ಕೈಕೊಟ್ಟಿತು?

ಒಂದು ಉದಾಹರಣೆ ಹಿಡಿಯೋಣ. ಆಂಟೆನಾ 10 ಓಮ್, ರೇಡಿಯೋ 50 ಓಮ್. ಐವತ್ತನ್ನು ಹತ್ತರಿಂದ ಭಾಗಿಸಿ ಒಂದು ಕಳೆದರೆ ನಾಲ್ಕು, ಅದರ ವರ್ಗಮೂಲ ಎರಡು. ಹಾಗಾಗಿ ಸಾಲಿನಲ್ಲಿ ಹತ್ತರ ಎರಡು ಪಟ್ಟು, 20 ಓಮ್‌ನ ಕಾಯಿಲ್, ಅಡ್ಡಕ್ಕೆ ಐವತ್ತರ ಅರ್ಧ, 25 ಓಮ್‌ನ ಕೆಪಾಸಿಟರ್. ಈ ಗಣಿತದಲ್ಲಿ ಎಲ್ಲೂ ತಪ್ಪಿಲ್ಲ.

7.1 ಮೆಗಾಹರ್ಟ್ಸ್‌ಗೆ ಇದನ್ನು ಮಾಡಿದರೆ 0.45 ಮೈಕ್ರೋಹೆನ್ರಿ ಕಾಯಿಲ್, ಸುಮಾರು 900 ಪಿಕೋಫ್ಯಾರಡ್ ಕೆಪಾಸಿಟರ್ ಬೇಕು. ಕೈಯಲ್ಲಿ ಹಿಡಿಯಬಹುದಾದ ಸಾಮಾನು. ನಾಲ್ಕು ಸೆಂಟಿಮೀಟರ್ ತಂತಿ ಜಾಸ್ತಿ ಆದರೂ ಯಾರಿಗೂ ಗೊತ್ತಾಗುವುದಿಲ್ಲ.

145ಕ್ಕೆ ಮಾಡಿದರೆ? ಕಾಯಿಲ್ 22 ನ್ಯಾನೋಹೆನ್ರಿ, ಕೆಪಾಸಿಟರ್ 44 ಪಿಕೋಫ್ಯಾರಡ್. ಈಗ ನೋಡಿ ತಮಾಷೆ. ಸಾಧಾರಣ ನೇರ ತಂತಿಗೇ ಒಂದು ಮಿಲಿಮೀಟರ್‌ಗೆ ಹತ್ತಿರ ಹತ್ತಿರ ಒಂದು ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಅಂದರೆ ಎರಡೂವರೆ ಸೆಂಟಿಮೀಟರ್ ತಂತಿಯೇ ನಿಮಗೆ ಬೇಕಾದ ಪೂರ್ತಿ ಕಾಯಿಲ್. ನೀವು ಕಾಯಿಲನ್ನೂ ಸುತ್ತಿದಿರಿ, ಅದನ್ನು ಕನೆಕ್ಟರ್‌ಗೆ ಬೆಸೆಯಲು ಮೂರು ಸೆಂಟಿಮೀಟರ್ ತಂತಿಯನ್ನೂ ಬಿಟ್ಟಿರಿ. ಅಲ್ಲಿಗೆ ಒಂದರ ಬದಲು ಎರಡು ಕಾಯಿಲ್ ಆಯಿತು. ಚಿತ್ರದಲ್ಲಿ ಅದು ಬರೀ ಗೆರೆ, ಪೆಟ್ಟಿಗೆಯೊಳಗೆ ಅದೇ ಯಜಮಾನ.

ಕೆಪಾಸಿಟರ್ ಕಾಯಿಲ್ ಆಗುತ್ತದೆ ಅಂತಾರಲ್ಲ, ನಿಜವಾ?

ನಿಜ. 100 ಪಿಕೋಫ್ಯಾರಡ್‌ನ ಸಾದಾ ಡಿಸ್ಕ್ ಕೆಪಾಸಿಟರ್ ತಗೊಳ್ಳಿ. ಎರಡು ಕಾಲೂ ಸೇರಿ 12 ನ್ಯಾನೋಹೆನ್ರಿ ಅಂದುಕೊಳ್ಳಿ, ಅಂದರೆ ಒಟ್ಟು ಒಂದು ಸೆಂಟಿಮೀಟರ್ ಚಿಲ್ಲರೆ ತಂತಿ. ಈ ಎರಡೂ ಸೇರಿ ಅನುರಣಿಸುವುದು, ಅಂದರೆ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುವುದು, ಎಲ್ಲಿ ಗೊತ್ತಾ? ಸರಿಯಾಗಿ 145 ಮೆಗಾಹರ್ಟ್ಸ್‌ನಲ್ಲಿ! ಅಲ್ಲಿ ಅದು 11 ಓಮ್‌ನ ಕೆಪಾಸಿಟರ್ ಅಲ್ಲ, ಹೆಚ್ಚುಕಡಿಮೆ ಶಾರ್ಟ್. ಅದಕ್ಕಿಂತ ಮೇಲೆ ಹೋದರೆ ಕಾಯಿಲ್‌ನ ವೇಷ. ಅದೇ ಕೆಪಾಸಿಟರ್ 7.1ರಲ್ಲಿ 224 ಓಮ್, ಕಾಲುಗಳದ್ದು ಅರ್ಧ ಓಮ್. ಅಲ್ಲಿ ಅದು ಪಾಪ, ಸಭ್ಯ ಕೆಪಾಸಿಟರ್.

ಆದ್ದರಿಂದ ವಿಎಚ್‌ಎಫ್‌ನಲ್ಲಿ ಕಾಲನ್ನು ಬುಡದ ತನಕ ಕತ್ತರಿಸಿ ಬೆಸೆಯಿರಿ. ಕಾಲೇ ಇಲ್ಲದ ಚಿಪ್ ಕೆಪಾಸಿಟರ್ ಆದರೆ ಇನ್ನೂ ಒಳ್ಳೆಯದು.

ಕಾಯಿಲ್‌ಗೂ ಇದೇ ಕಾಯಿಲೆ ಇದೆಯಾ?

ಇದೆ, ಮತ್ತು ಅದು ಎಚ್‌ಎಫ್‌ನಲ್ಲೇ (3ರಿಂದ 30 ಮೆಗಾಹರ್ಟ್ಸ್) ಕಾಣಿಸಿಕೊಳ್ಳುತ್ತದೆ. ಅಕ್ಕಪಕ್ಕದ ಸುತ್ತುಗಳ ನಡುವೆ ಸಣ್ಣ ಕೆಪಾಸಿಟರ್ ಇರುತ್ತದೆ ಅನ್ನುವ ವಿವರಣೆ ಎಲ್ಲ ಕಡೆ ಸಿಗುತ್ತದೆ. ಅದು ಅರ್ಧ ಕಥೆ. ಉಳಿದರ್ಧ ಏನೆಂದರೆ, ಕಾಯಿಲ್ ಅಂದರೆ ಸುತ್ತಿಟ್ಟ ಉದ್ದ ತಂತಿ. ಅಲೆ ಅದರ ಈ ತುದಿಯಿಂದ ಆ ತುದಿಗೆ ಹೋಗಲು ಹೊತ್ತು ತಗೊಳ್ಳುತ್ತದೆ.

ಕಾರಿನ ಮೇಲೆ ಎರಡೂವರೆ ಮೀಟರ್‌ನ ಕಡ್ಡಿ ಆಂಟೆನಾ ಇಟ್ಟು 7.1ರಲ್ಲಿ ಮಾತಾಡಬೇಕು ಅಂತ ಒಮ್ಮೆ ಹಠ ಹಿಡಿದಿದ್ದೆ. ಕಡ್ಡಿ ಅಲೆಯುದ್ದದ ಮುಂದೆ ಗಿಡ್ಡ, ಆದ್ದರಿಂದ ಸುಮಾರು 900 ಓಮ್‌ನ ಕೆಪಾಸಿಟರ್‌ನಂತೆ ಕಾಣುತ್ತದೆ. ಅದನ್ನು ಹೊಡೆದುಹಾಕಲು ಬುಡದಲ್ಲಿ 20 ಮೈಕ್ರೋಹೆನ್ರಿ ಕಾಯಿಲ್. ಪಿವಿಸಿ ಪೈಪಿನ ಮೇಲೆ 5 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಉದ್ದಕ್ಕೆ 30 ಸುತ್ತು ಸುತ್ತಿದೆ. ನೋಡಲು ಪುಟ್ಟದು. ಬಿಚ್ಚಿದರೆ 4.7 ಮೀಟರ್ ತಂತಿ, ಅಲೆಯುದ್ದದ ಒಂಬತ್ತನೇ ಒಂದು ಭಾಗ. ಲಂಪ್ಡ್ ನಿಯಮದ ಪ್ರಕಾರ ಕಾಯಿಲ್‌ಗೆ ಕೆಳಗಿನಿಂದ ಎಷ್ಟು ಕರೆಂಟ್ ಹೊಕ್ಕಿತೋ ಮೇಲಿನಿಂದ ಅಷ್ಟೇ ಹೊರಡಬೇಕು. ಅಳೆದರೆ ಮೇಲೆ ಕಡಿಮೆ. ಕದ್ದವರು ಯಾರೂ ಇಲ್ಲ. ಪ್ರತಿ ಸುತ್ತಿನಿಂದಲೂ ಸುತ್ತಲಿನ ಗಾಳಿಗೆ, ಕಾರಿನ ಮೈಗೆ ಸ್ವಲ್ಪ ಸ್ವಲ್ಪ ಸೋರುತ್ತಾ ಹೋಗುತ್ತದೆ. ಎರಡೂ ತುದಿಯಲ್ಲಿ ಕರೆಂಟ್ ಒಂದೇ ಅಂತ ಕೆಲವರು, ಅಲ್ಲ ಅಂತ ಕೆಲವರು, ಹ್ಯಾಮ್‌ಗಳು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಇಬ್ಬರೂ ತಮ್ಮ ತಮ್ಮ ಕಾಯಿಲ್ ಮಟ್ಟಿಗೆ ಸರಿ ಅನ್ನುವುದು ನನ್ನ ಅಭಿಪ್ರಾಯ. ಬಿಗಿಯಾಗಿ ಸುತ್ತಿದ ಬಳೆಯಾಕಾರದ ಕಾಯಿಲ್, ಅಂದರೆ ಟೊರಾಯ್ಡ್‌ನಲ್ಲಿ ವ್ಯತ್ಯಾಸ ಬಲು ಕಡಿಮೆ, ಉದ್ದನೆಯ ಗಾಳಿ-ಕಾಯಿಲ್‌ನಲ್ಲಿ ಎದ್ದು ಕಾಣುತ್ತದೆ.

ಅಂದಹಾಗೆ ಆ ಕಡ್ಡಿಯ ವಿಕಿರಣ ರೋಧ (ಅಲೆಯಾಗಿ ಹೊರಡುವ ಶಕ್ತಿಯ ಲೆಕ್ಕ) 1.4 ಓಮ್ ಅಷ್ಟೇ. ಕಾಯಿಲ್‌ನ ಕ್ಯೂ (ಜಾಸ್ತಿ ಇದ್ದಷ್ಟೂ ನಷ್ಟ ಕಡಿಮೆ ಅನ್ನುವ ಅಂಕಿ) 200 ಅಂತಿಟ್ಟರೂ ಅದರ ನಷ್ಟ 4.5 ಓಮ್. ಕಾರು ಮತ್ತು ನೆಲದ ಲೆಕ್ಕಕ್ಕೆ 10 ಓಮ್ ಹಾಕಿ. ನೂರು ವಾಟ್‌ನಲ್ಲಿ ಒಂಬತ್ತು ವಾಟ್ ಹೊರಗೆ ಹೋಗುತ್ತದೆ. ಮ್ಯಾಚ್ ಮಾತ್ರ ಚಂದ ಇತ್ತು. ದೇವಿಮನೆ ಘಟ್ಟ ಹತ್ತುವಾಗ ನನ್ನ ಧ್ವನಿ ಯಾರಿಗೂ ಕೇಳಲಿಲ್ಲ.

ಕೇಬಲ್ ಬರೀ ತಂತಿ ಅಲ್ವಾ? ಅದನ್ನು ಯಾಕೆ ಲೆಕ್ಕಕ್ಕೆ ತಗೋಬೇಕು?

ನಡುಗಡ್ಡಿ, ಅದರ ಸುತ್ತ ಜಾಲರಿ ಇರುವ ಆರ್‌ಜಿ-58 ಕೇಬಲ್‌ಗೆ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಮತ್ತು 250 ನ್ಯಾನೋಹೆನ್ರಿ ಇರುತ್ತದೆ. ಇಂಡಕ್ಟೆನ್ಸನ್ನು ಕೆಪಾಸಿಟೆನ್ಸಿನಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: 50 ಓಮ್. ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, ಒಂದನ್ನು ಅದರಿಂದ ಭಾಗಿಸಿ: ಸೆಕೆಂಡಿಗೆ 20 ಕೋಟಿ ಮೀಟರ್. ಬೆಳಕಿನ ವೇಗದ ಮೂರನೇ ಎರಡು ಭಾಗ. ಕೇಬಲ್ ಮಾರುವವರು 0.66 ಅಂತ ಬರೆಯುವ ವೆಲಾಸಿಟಿ ಫ್ಯಾಕ್ಟರ್ ಇದೇ. ನನಗೆ ಈ ಎರಡು ಲೆಕ್ಕ ಮೊದಲ ಸಲ ಕೂಡಿಬಂದ ದಿನ ಊಟ ಮರೆತಿದ್ದೆ.

ಈಗ 10 ಮೀಟರ್ ಕೇಬಲನ್ನು ಒಂದೇ 1000 ಪಿಕೋಫ್ಯಾರಡ್ ಕೆಪಾಸಿಟರ್, ಒಂದೇ 2.5 ಮೈಕ್ರೋಹೆನ್ರಿ ಕಾಯಿಲ್ ಅಂತ ಬರೆಯಬಹುದಾ? ಧಾರವಾಡದ 765 ಕಿಲೋಹರ್ಟ್ಸ್‌ಗೆ ನಡೆಯುತ್ತದೆ. ಕೇಬಲ್ ಒಳಗೆ ಆ ಅಲೆ 259 ಮೀಟರ್, ಹತ್ತು ಮೀಟರ್ ಅದರ ಇಪ್ಪತ್ತಾರನೇ ಒಂದು ಪಾಲು. 7.1ರಲ್ಲಿ ನಡೆಯುವುದಿಲ್ಲ. ಕೇಬಲ್ ಒಳಗೆ ಅಲೆ 28 ಮೀಟರ್‌ಗೆ ಕುಗ್ಗಿರುತ್ತದೆ, ಹತ್ತು ಮೀಟರ್ ಅಂದರೆ ಮೂರನೇ ಒಂದಕ್ಕಿಂತ ಹೆಚ್ಚು. ಆದರೆ ಕೇಬಲನ್ನು ಒಂದೊಂದು ಮೀಟರ್ ತುಂಡಾಗಿ ಯೋಚಿಸಿ, ಪ್ರತಿ ತುಂಡಿಗೂ ಒಂದು ಪುಟ್ಟ ಕಾಯಿಲ್, ಒಂದು ಪುಟ್ಟ ಕೆಪಾಸಿಟರ್ ಕೊಟ್ಟರೆ ಉತ್ತರ ಮತ್ತೆ ಸರಿ ಬರುತ್ತದೆ. ತುಂಡನ್ನು ಚಿಕ್ಕದು ಮಾಡುತ್ತಾ ಹೋದರೆ ಸಿಗುವುದೇ ಟೆಲಿಗ್ರಾಫ್ ಸಮೀಕರಣ. ವಿಲಿಯಂ ಥಾಮ್ಸನ್ ಸಮುದ್ರದಡಿಯ ಕೇಬಲ್‌ಗೆ ಬರೀ ರೋಧ ಮತ್ತು ಕೆಪಾಸಿಟೆನ್ಸ್ ಇಟ್ಟುಕೊಂಡು ಲೆಕ್ಕ ಹಾಕಿದ್ದರು. ಆಲಿವರ್ ಹೆವಿಸೈಡ್ 1876ರಲ್ಲಿ ಅದಕ್ಕೆ ಇಂಡಕ್ಟೆನ್ಸ್ ಸೇರಿಸಿದರು. 1886ರಲ್ಲಿ "ಇಂಪಿಡೆನ್ಸ್" (ಕರೆಂಟಿಗೆ ಸಿಗುವ ಒಟ್ಟು ತಡೆ, ಓಮ್ ಲೆಕ್ಕದಲ್ಲಿ) ಅನ್ನುವ ಪದ ಕೊಟ್ಟವರೂ ಅವರೇ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ ಅನ್ನುವುದನ್ನು ಇಲ್ಲಿ ಸೇರಿಸದೆ ಇರಲಾರೆ.

ಕೇಬಲ್ ಕತ್ತರಿಸಿದರೆ ಎಸ್‌ಡಬ್ಲ್ಯುಆರ್ ಸರಿ ಆಗುತ್ತಾ?

ಇಲ್ಲ. ಎಸ್‌ಡಬ್ಲ್ಯುಆರ್ ಅಂದರೆ ಹೋಗುವ ಅಲೆ, ವಾಪಸ್ ಬರುವ ಅಲೆ ಸೇರಿ ಕೇಬಲ್‌ನಲ್ಲಿ ಆಗುವ "ನಿಂತ ಅಲೆ"ಯ ಅಳತೆ; 1 ಇದ್ದರೆ ಏನೂ ವಾಪಸ್ ಬರುತ್ತಿಲ್ಲ. ಕೇಬಲ್ ಉದ್ದ ಬದಲಾದರೆ ರೇಡಿಯೋಗೆ ಕಾಣುವ ಇಂಪಿಡೆನ್ಸ್ ಬದಲಾಗುತ್ತದೆ, ಎಸ್‌ಡಬ್ಲ್ಯುಆರ್ ಅಲ್ಲ. ಆಂಟೆನಾ 100 ಓಮ್ ಇರಲಿ. 7.1ಕ್ಕೆ ಆರ್‌ಜಿ-58ರ ಕಾಲು ಅಲೆ ಅಂದರೆ 7 ಮೀಟರ್. ಅಷ್ಟು ಉದ್ದ ಹಾಕಿದರೆ ಈ ತುದಿಯಲ್ಲಿ 25 ಓಮ್ ಕಾಣುತ್ತದೆ. 14 ಮೀಟರ್ ಹಾಕಿದರೆ ಮತ್ತೆ 100. ಎಸ್‌ಡಬ್ಲ್ಯುಆರ್ ಎರಡು ಕಡೆಯೂ 2. ಟ್ಯೂನರ್‌ನ (ತಿರುಗಿಸಿ ಹೊಂದಿಸುವ ಮ್ಯಾಚಿಂಗ್ ಪೆಟ್ಟಿಗೆಯ) ಗುಬುಟುಗಳು ಮಾತ್ರ ಬೇರೆ ಜಾಗಕ್ಕೆ ಬಂದು ನಿಲ್ಲುತ್ತವೆ.

ಕೇಬಲ್ ಒಂದೆರಡು ಮೀಟರ್ ಕಡಿಮೆ ಮಾಡಿದ್ದಕ್ಕೆ ಮೀಟರ್ ನಿಜವಾಗಿಯೂ ಕುಣಿದರೆ ಅದು ಬೇರೆ ರೋಗದ ಲಕ್ಷಣ. ಕೆಳಗೆ ಮೂರನೇ ತಂತಿ ಬಗ್ಗೆ ಬರೆದಿದ್ದೇನೆ, ನೋಡಿ.

ಎಸ್‌ಡಬ್ಲ್ಯುಆರ್ 1.6 ಇದೆ, ಯಾರಿಗೂ ಕೇಳ್ತಾ ಇಲ್ಲ. ಯಾಕೆ?

ಈ ಪ್ರಶ್ನೆ ಕೇಳಿದ ಮೊದಲ ಮೂರ್ಖ ನಾನೇ. ತಾರಸಿಯ ಮೇಲೆ 145 ಮೆಗಾಹರ್ಟ್ಸ್‌ನ ಗ್ರೌಂಡ್ ಪ್ಲೇನ್ ಆಂಟೆನಾ, ಅಲ್ಲಿಂದ ಕೆಳಗಿನ ಕೋಣೆಗೆ 25 ಮೀಟರ್ ಆರ್‌ಜಿ-58. ಒಂದು ಮಳೆಗಾಲ ಕಳೆದಿತ್ತು. ಅಂಕೋಲಾದ ಗೆಳೆಯನಿಗೆ ನನ್ನ ಧ್ವನಿ ಕೇಳುತ್ತಿರಲಿಲ್ಲ. ಮೀಟರ್ ನೋಡಿದೆ, 1.6. ಆಂಟೆನಾ ಚೆನ್ನಾಗಿದೆ ಅಂತ ರೇಡಿಯೋ ಬಿಚ್ಚಿದೆ. ಎರಡು ಭಾನುವಾರ ಹಾಳು. ಕೊನೆಗೆ ಮೇಲೆ ಹತ್ತಿದರೆ ಕನೆಕ್ಟರ್‌ನ ನಡುಗಡ್ಡಿ ಹಸಿರುಗಟ್ಟಿ ತುಂಡಾಗಿತ್ತು. ಕೇಬಲ್‌ಗೆ ಆಂಟೆನಾ ಅಂಟಿಕೊಂಡೇ ಇರಲಿಲ್ಲ!

ಲೆಕ್ಕ ನೋಡಿ. ಹೊಸ ಆರ್‌ಜಿ-58ರಲ್ಲೇ 145ರಲ್ಲಿ ನೂರು ಮೀಟರ್‌ಗೆ ಸುಮಾರು 20 ಡೆಸಿಬೆಲ್ ನಷ್ಟ (ಹತ್ತು ಡೆಸಿಬೆಲ್ ಅಂದರೆ ಶಕ್ತಿ ಹತ್ತನೇ ಒಂದಕ್ಕೆ ಇಳಿಯುವುದು). 25 ಮೀಟರ್‌ಗೆ 5. ಮೇಲೆ ತುಂಡಾದ ತುದಿ ಎಲ್ಲ ಶಕ್ತಿಯನ್ನೂ ವಾಪಸ್ ಕಳಿಸುತ್ತದೆ, ಅದು ಬರುವಾಗ ಇನ್ನೊಂದು 5. ಹತ್ತು ಡೆಸಿಬೆಲ್ ಸವೆದು ಮೀಟರ್‌ಗೆ ಬಂದಾಗ ಅದು 1.9 ಅಂತ ತೋರಿಸುತ್ತದೆ. ಆಂಟೆನಾ ಇಲ್ಲದೆಯೇ! ನನ್ನ ಕೇಬಲ್ ಒಳಗೆ ಉಪ್ಪುನೀರು ಬೇರೆ ಹೊಕ್ಕು ನಷ್ಟ ಇನ್ನೂ ಜಾಸ್ತಿ ಆಗಿತ್ತು, ಹಾಗಾಗಿ 1.6. ಕೇಬಲ್ ಕೆಟ್ಟಷ್ಟೂ ಮೀಟರ್ ಹೊಗಳುತ್ತದೆ. ನಷ್ಟವೇ ಇಲ್ಲದ ಗೆರೆ ಅಂದುಕೊಂಡವನಿಗೆ ಇದು ಹೊಳೆಯುವುದೇ ಇಲ್ಲ.

ಟ್ಯೂನರ್ ಹಾಕಿದರೆ ಎಲ್ಲ ಬ್ಯಾಂಡಿನಲ್ಲೂ ಮಾತಾಡಬಹುದಾ?

ರೇಡಿಯೋ ಖುಷಿಯಾಗಿರುತ್ತದೆ. ಕೇಬಲ್ ಅಲ್ಲ. ಮೇಜಿನ ಮೇಲಿನ ಟ್ಯೂನರ್‌ನ ಒಳಗೂ ಕಾಯಿಲ್, ಕೆಪಾಸಿಟರ್ ಇರುವುದು ನಿಜ, ಅವು ಎಚ್‌ಎಫ್‌ನಲ್ಲಿ ಲಂಪ್ಡ್ ಲೆಕ್ಕದ ಪ್ರಕಾರವೇ ನಡೆಯುತ್ತವೆ. ಆದರೆ ಅದರ ಆಚೆಗಿನ ಕೇಬಲ್‌ನಲ್ಲಿ ನಿಂತ ಅಲೆ ಹಾಗೇ ಇರುತ್ತದೆ.

7 ಮೆಗಾಹರ್ಟ್ಸ್‌ನ ಡೈಪೋಲ್ (ನಡುವಿನಲ್ಲಿ ಕೇಬಲ್ ಸೇರುವ ಅರ್ಧ ಅಲೆಯುದ್ದದ ತಂತಿ ಆಂಟೆನಾ) ಅನ್ನು 14ರಲ್ಲಿ ನಡೆಸುವವರಿದ್ದಾರೆ. 14ರಲ್ಲಿ ಅದು ಪೂರ್ತಿ ಒಂದು ಅಲೆ, ನಡುವಿನಲ್ಲಿ ಸಾವಿರಾರು ಓಮ್. 3000 ಅಂತಿಟ್ಟುಕೊಳ್ಳಿ, ಎಸ್‌ಡಬ್ಲ್ಯುಆರ್ 60. ಇಪ್ಪತ್ತು ಮೀಟರ್ ಆರ್‌ಜಿ-58ಗೆ ಸರಿಯಾದ ಲೋಡ್ ಇದ್ದಿದ್ದರೆ ಅಲ್ಲಿ ನಷ್ಟ ಒಂದು ಡೆಸಿಬೆಲ್ ಚಿಲ್ಲರೆ. ಈಗ ಒಂಬತ್ತರ ಮೇಲೆ. ನೂರು ವಾಟ್ ಕೊಟ್ಟರೆ ಮೇಲೆ ಹೋಗುವುದು ಹನ್ನೊಂದೋ ಹನ್ನೆರಡೋ. ಟ್ಯೂನರ್‌ನ ಮುಖದಲ್ಲಿ ಮಾತ್ರ 1.1 ಅಂತ ನಗು. ಟ್ಯೂನರ್ ಇಡುವುದಿದ್ದರೆ ಆಂಟೆನಾ ಬುಡದಲ್ಲಿ ಇಡಿ, ಇಲ್ಲಾ ಕೇಬಲ್ ಬದಲು ಏಣಿಯಂಥ ತೆರೆದ ಜೋಡಿ ತಂತಿ ಎಳೆಯಿರಿ.

ಎರಡನೇ ಮಹಡಿಯಿಂದ ನೆಲಕ್ಕೆ ದಪ್ಪ ತಾಮ್ರದ ಅರ್ಥ್ ತಂತಿ ಎಳೆದಿದ್ದೇನೆ. ಆದರೂ ಮೈಕ್ ತುಟಿಗೆ ಶಾಕ್ ಹೊಡೆಯುತ್ತದೆ.

ತಂತಿ ಎಷ್ಟು ಉದ್ದ? ಹತ್ತು ಮೀಟರ್ ಇದ್ದರೆ ಉತ್ತರ ಅಲ್ಲೇ ಇದೆ. 7.1ರಲ್ಲಿ ಕಾಲು ಅಲೆ 10.6 ಮೀಟರ್. ಕೆಳಗೆ ನೆಲಕ್ಕೆ ಸೇರಿದ ತಂತಿ ಕಾಲು ಅಲೆ ಮೇಲೆ ಹೋದರೆ ಅಲ್ಲಿ ಬಿಡಿ ತುದಿಯಂತೆ ವರ್ತಿಸುತ್ತದೆ. ರೇಡಿಯೋ ಅರ್ಥ್ ಆಗಿಯೇ ಇಲ್ಲ. ಬೆರಳಿನಷ್ಟು ದಪ್ಪ ತಂತಿ ಹಾಕಿದರೂ ಇದು ಬದಲಾಗುವುದಿಲ್ಲ. ಸರ್ಕ್ಯೂಟ್ ಚಿತ್ರದಲ್ಲಿ ಎಲ್ಲಿ ಬೇಕಾದರೂ ಬರೆಯಬಹುದಾದ ಆ ಮೂರು ಗೆರೆಯ ಅರ್ಥ್ ಚಿಹ್ನೆ ಇದೆಯಲ್ಲ, ಅದಕ್ಕಿಂತ ದೊಡ್ಡ ಸುಳ್ಳು ಎಚ್‌ಎಫ್‌ನಲ್ಲಿ ಇನ್ನೊಂದಿಲ್ಲ. ಸಿಡಿಲಿಗೆ, ಕರೆಂಟಿನ ಸುರಕ್ಷತೆಗೆ ಆ ತಂತಿ ಬೇಕೇ ಬೇಕು, ತೆಗೆಯಬೇಡಿ. ತುಟಿಯ ಶಾಕ್‌ಗೆ ಮದ್ದು ಬೇರೆ ಕಡೆ ಇದೆ.

ಎಲ್ಲಿ?

ಮೂರನೇ ತಂತಿಯಲ್ಲಿ. ಕೇಬಲ್ ಅಂದರೆ ಎರಡು ತಂತಿ, ನಡುಗಡ್ಡಿ ಮತ್ತು ಸುತ್ತಲಿನ ಜಾಲರಿ ಅಂತ ಎಣಿಸುತ್ತೇವೆ. ಕಿರ್ಕಾಫ್ ಪ್ರಕಾರ ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸ್. ಆದರೆ ರೇಡಿಯೋ ಆವರ್ತನದಲ್ಲಿ ಕರೆಂಟ್ ಲೋಹದ ಚರ್ಮದಲ್ಲಷ್ಟೇ ಹರಿಯುತ್ತದೆ. ಹಾಗಾಗಿ ಜಾಲರಿಯ ಒಳಮೈ ಒಂದು ತಂತಿ, ಹೊರಮೈ ಇನ್ನೊಂದು. ಡೈಪೋಲ್ ನಡುವೆ ನೇರ ಬೆಸೆದರೆ ಹೊರಮೈಯೂ ಆಂಟೆನಾದ ಮೂರನೇ ತೋಳಾಗಿ ಕೋಣೆಯೊಳಗೆ ಬರುತ್ತದೆ, ನಿಮ್ಮ ತುಟಿಯ ತನಕ. ಮಿಕ್ಸ್ 31 ಅಥವಾ 43ರ (ಇವು ಫೆರೈಟ್‌ನ ಜಾತಿಗಳು) ದೊಡ್ಡ ಫೆರೈಟ್ ಬಳೆಯಲ್ಲಿ ಕೇಬಲನ್ನು ಹತ್ತು ಸುತ್ತು ಹಾಕಿ ಆಂಟೆನಾ ನಡುವಿನಲ್ಲಿ ಕಟ್ಟಿ. ಅಲ್ಲಿಗೆ ಆ ತೋಳು ಕತ್ತರಿಸಿದ ಹಾಗೆ.

ಆಂಟೆನಾವನ್ನೇ ಒಂದು ಆರ್‌ಎಲ್‌ಸಿ (ರೋಧ, ಕಾಯಿಲ್, ಕೆಪಾಸಿಟರ್) ಸರ್ಕ್ಯೂಟ್ ಅಂದುಕೊಳ್ಳಬಹುದಲ್ವಾ?

ಒಂದು ಅನುರಣನದ ಆಸುಪಾಸಿನಲ್ಲಿ, ಧಾರಾಳವಾಗಿ. ಅರ್ಧ ಅಲೆ ಡೈಪೋಲ್ ಅಲ್ಲಿ ಸಾಲಿನ ಆರ್‌ಎಲ್‌ಸಿ ತರಹವೇ ಇರುತ್ತದೆ. ಆದರೆ ಆ ಸರ್ಕ್ಯೂಟ್‌ಗೆ ಒಂದೇ ಅನುರಣನ. ನಿಜವಾದ ತಂತಿಗೆ ಮುಗಿಯದಷ್ಟು. 7ರ ಡೈಪೋಲ್ 21ರಲ್ಲಿ ಮತ್ತೆ ಹದಕ್ಕೆ ಬರುತ್ತದೆ ಅನ್ನುವುದನ್ನು ಆ ಮೂರು ಅಕ್ಷರಗಳಿಂದ ಎಂದೂ ಊಹಿಸಲಾರಿರಿ.

ಇನ್ನೊಂದು ಮಾತು. ಆ "ಆರ್" ಎಲ್ಲಿದೆ? ತಂತಿಯನ್ನು ಓಮ್ ಮೀಟರ್‌ನಲ್ಲಿ ಅಳೆದರೆ ಸಿಗುವುದಿಲ್ಲ. ಖಾಲಿ ಆಕಾಶದಲ್ಲಿರುವ ಅರ್ಧ ಅಲೆ ಡೈಪೋಲ್‌ನ 73 ಓಮ್ ಅಂದರೆ ಹೊರಟುಹೋದ ಅಲೆಯ ಲೆಕ್ಕ. ಅಲೆ ನೆಲಕ್ಕೆ ಬಡಿದು ವಾಪಸ್ ಬಂದು ಆಂಟೆನಾವನ್ನು ಮುಟ್ಟುವುದರಿಂದ ಎತ್ತರ ಬದಲಾದಂತೆ ಆ 73 ಏರಿಳಿಯುತ್ತದೆ. ದೇವಬಾಗದ ಮರಳ ಮೇಲೆ ಕಟ್ಟಿದ್ದಕ್ಕೂ ಶಿರಸಿಯ ಜಂಬಿಟ್ಟಿಗೆ ನೆಲದ ಮೇಲೆ ಕಟ್ಟಿದ್ದಕ್ಕೂ ಒಂದೇ ಅಂಕಿ ಬರುವುದಿಲ್ಲ. ಸರ್ಕ್ಯೂಟ್ ಚಿತ್ರದಲ್ಲಿ ಊರು ಇರುವುದಿಲ್ಲವಲ್ಲ.

ಇನ್ನೂ ನಾಲ್ಕು ಕಾಯಿಲ್, ಕೆಪಾಸಿಟರ್ ಸೇರಿಸಿದರೆ ಇಡೀ ಬ್ಯಾಂಡ್ ಮ್ಯಾಚ್ ಆಗುತ್ತಾ?

ಸ್ವಲ್ಪ ಆಗುತ್ತದೆ, ಬೇಗ ಗೋಡೆ ಸಿಗುತ್ತದೆ. ಈ ಗೋಡೆಯನ್ನು 1945ರಲ್ಲಿ ಬೋಡೆ, 1950ರಲ್ಲಿ ಫಾನೋ ತೋರಿಸಿದರು. ನಷ್ಟವಿಲ್ಲದ ಸರ್ಕ್ಯೂಟ್‌ನಲ್ಲಿ ಎಷ್ಟೇ ಭಾಗ ಸೇರಿಸಿದರೂ ಮ್ಯಾಚ್‌ನ ಒಟ್ಟು ಮೊತ್ತ ಲೋಡ್‌ನಿಂದ ನಿಗದಿಯಾಗಿರುತ್ತದೆ. ಅಗಲ ಮಾಡಿದರೆ ಆಳ ಹೋಗುತ್ತದೆ, ಆಳ ಮಾಡಿದರೆ ಅಗಲ ಹೋಗುತ್ತದೆ. ಆಂಟೆನಾ ಅಲೆಯುದ್ದದ ಮುಂದೆ ಗಿಡ್ಡ ಆದಷ್ಟೂ ಬ್ಯಾಂಡ್ ಕಿರಿದಾಗಲೇಬೇಕು ಅಂತ 1948ರಲ್ಲಿ ಚು ಹೇಳಿದ್ದು ಅದರ ಜೊತೆಗೆ ಸೇರಿಕೊಳ್ಳುತ್ತದೆ. "ಪುಟ್ಟ ಆಂಟೆನಾ, ಎಲ್ಲ ಬ್ಯಾಂಡ್, ಟ್ಯೂನರ್ ಬೇಡ" ಅಂತ ಯಾರಾದರೂ ಮಾರಲು ಬಂದರೆ, ಅದರೊಳಗೆ ರೆಸಿಸ್ಟರ್ ಎಲ್ಲಿ ಅಡಗಿದೆ ಅಂತ ಕೇಳಿ.

ಹಾಗಾದರೆ 145, 435ರಲ್ಲಿ ಮ್ಯಾಚಿಂಗ್‌ಗೆ ಏನು ಬಳಸಬೇಕು?

ಉದ್ದವನ್ನೇ ಬಳಸಿ. ಶತ್ರು ಅಂದುಕೊಂಡದ್ದನ್ನೇ ಕೂಲಿಗೆ ಇಟ್ಟುಕೊಳ್ಳುವುದು. 112 ಓಮ್‌ನ ಕ್ವಾಡ್ ಲೂಪ್ ಅನ್ನುವ ಚೌಕಾಕಾರದ ಆಂಟೆನಾಗೂ 50 ಓಮ್ ಕೇಬಲ್‌ಗೂ ನಡುವೆ 75 ಓಮ್ ಕೇಬಲ್‌ನ ಕಾಲು ಅಲೆ ತುಂಡು ಹಾಕಿದರೆ ಸಾಕು, ಯಾಕೆಂದರೆ 50 ಮತ್ತು 112ರ ಗುಣಲಬ್ಧದ ವರ್ಗಮೂಲ 75. 145ಕ್ಕೆ ಗಟ್ಟಿ ಪಾಲಿಥೀನ್‌ನ ಕೇಬಲ್ ಆದರೆ 34 ಸೆಂಟಿಮೀಟರ್, ಫ್ಯಾಕ್ಟರ್ 0.82ರ ನೊರೆ ಕೇಬಲ್ ಆದರೆ 42. ಟಿವಿ ಕೇಬಲ್‌ನ ಫ್ಯಾಕ್ಟರ್ ಬೇರೆ ಬೇರೆ ಇರುತ್ತದೆ, ಅಳೆದೇ ಕತ್ತರಿಸಿ. ಯಾಗಿ ಆಂಟೆನಾದ ಹೇರ್‌ಪಿನ್ (ಯು ಆಕಾರಕ್ಕೆ ಬಗ್ಗಿಸಿದ ಮ್ಯಾಚಿಂಗ್ ತಂತಿ) ನೋಡಿ ಅದನ್ನು ಕಾಯಿಲ್ ಅನ್ನುತ್ತಾರೆ. ಅದು ತುದಿ ಶಾರ್ಟ್ ಮಾಡಿದ ಜೋಡಿ ತಂತಿ ಅನ್ನುವುದೇ ಹೆಚ್ಚು ಸರಿ. ಇವನ್ನೆಲ್ಲ ಕಾಗದದ ಮೇಲೆ ಮಾಡಲು ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ಚಾರ್ಟ್ ಇದೆ. ಎರಡು ವರ್ಷ ಮೊದಲೇ ಜಪಾನಿನ ಮಿಜುಹಾಶಿ ಅಂಥದ್ದೇ ಒಂದನ್ನು ಬರೆದಿದ್ದರು, ಆದರೆ ಹೆಸರು ಉಳಿದದ್ದು ಸ್ಮಿತ್‌ದು.

ಸಾಫ್ಟ್‌ವೇರ್ ಇರುವಾಗ ಈ ತಲೆಬಿಸಿ ಯಾಕೆ?

ಸಾಫ್ಟ್‌ವೇರ್ ಖಂಡಿತ ಬಳಸಿ. 1981ರ ಎನ್‌ಇಸಿ-2 ಅನ್ನುವ ಆಂಟೆನಾ ಲೆಕ್ಕದ ಪ್ರೋಗ್ರಾಂ, ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ್ದು, ಇವತ್ತಿಗೂ ಉಚಿತ ಪ್ರೋಗ್ರಾಂಗಳ ಒಳಗೆ ಕೂತು ದುಡಿಯುತ್ತಿದೆ. ಅದು ತಂತಿಯನ್ನು ತುಂಡು ತುಂಡು ಮಾಡಿ, ಪ್ರತಿ ತುಂಡು ಉಳಿದ ತುಂಡುಗಳ ಮೇಲೆ ಬೀರುವ ಪ್ರಭಾವ ಲೆಕ್ಕ ಹಾಕುತ್ತದೆ. ಅರ್ಧ ಅಲೆಗೆ ಹತ್ತು ತುಂಡಾದರೂ ಕೊಡಿ.

ಆದರೆ ಒಂದು ಹೊಂಡ ಇದೆ, ನಾನೇ ಬಿದ್ದು ಎದ್ದವನು. ಕಾಯಿಲ್ ಬೇಕು ಅಂದಾಗ ಅದರಲ್ಲಿ "ಲೋಡ್" ಅಂತ ಹಾಕುತ್ತೇವೆ. ಅದು ಆ ಕಾಯಿಲನ್ನು ಒಂದೇ ತುಂಡಿನಲ್ಲಿ, ಉದ್ದವಿಲ್ಲದ ಗಂಟಾಗಿ ಇಡುತ್ತದೆ. ಮುಂಬಾಗಿಲಿನಿಂದ ಓಡಿಸಿದ ಲಂಪ್ಡ್ ಮಾಡೆಲ್ ಹಿತ್ತಲಿನಿಂದ ಒಳಗೆ! ಉದ್ದನೆಯ ಕಾಯಿಲ್ ಆದರೆ ಸುತ್ತುಗಳನ್ನೇ ತಂತಿಯಾಗಿ ಬಿಡಿಸಿ ಬರೆಯಿರಿ. ಬೇಸರದ ಕೆಲಸ, ಆದರೆ ಸಾಧ್ಯ.

ಅಡಿಕೆ ತೋಟದ ಫೈಬರ್ ದೋಟಿಯನ್ನು ಆಂಟೆನಾ ಕಂಬ ಮಾಡಬಹುದಾ?

ಶಿರಸಿ ಗೆಳೆಯನ ಪ್ರಶ್ನೆ ಇದು, ಬಲು ಒಳ್ಳೆಯ ಪ್ರಶ್ನೆ. ಮದ್ದು ಹೊಡೆಯಲು, ಅಡಿಕೆ ಕೊನೆ ಕೊಯ್ಯಲು ಬರುವ ಆ ಹಗುರ ದೋಟಿಗಳಲ್ಲಿ ಎಷ್ಟೋ ಕಾರ್ಬನ್ ಫೈಬರ್‌ನವು. ಕಾರ್ಬನ್ ಫೈಬರ್ ವಿದ್ಯುತ್ ವಾಹಕ, ಅದೂ ಅರೆಬರೆ. ಅದರ ಮೈಗೆ ತಾಗಿಸಿ ತಂತಿ ಎಳೆದರೆ ಅನುರಣನವೂ ಜಾರುತ್ತದೆ, ಶಕ್ತಿಯೂ ಬಿಸಿಯಾಗಿ ಹೋಗುತ್ತದೆ. ನಿಮ್ಮ ಸರ್ಕ್ಯೂಟ್‌ನಲ್ಲಿ ದೋಟಿ ಇಲ್ಲವೇ ಇಲ್ಲ, ಆದರೆ ಆಂಟೆನಾಗೆ ಅದು ಕಾಣುತ್ತದೆ. ಗ್ಲಾಸ್ ಫೈಬರ್ ದೋಟಿ ಆದರೆ ತೊಂದರೆ ಇಲ್ಲ. ಮರ ಹತ್ತಿ ಕೊಯ್ಯುವ ಕೊನೆಗೌಡರನ್ನು ಕೇಳಿ ಎರಡು ಮರಕ್ಕೆ ನೈಲಾನ್ ಹಗ್ಗ ಕಟ್ಟಿಸುವುದು ಎಲ್ಲಕ್ಕಿಂತ ಸಲೀಸು. ಕಾರ್ಬನ್ ಆಗಲಿ ಅಲ್ಯೂಮಿನಿಯಂ ಆಗಲಿ, ಕರೆಂಟ್ ತಂತಿ ಹಾದುಹೋದ ಕಡೆ ಎತ್ತಲೇಬೇಡಿ.

ಮಳೆಗಾಲದಲ್ಲಿ ಮ್ಯಾಚ್ ಯಾಕೆ ಜಾರುತ್ತದೆ?

ನೀರಿನ ಡೈಎಲೆಕ್ಟ್ರಿಕ್ ಅಂಕಿ 80ರ ಹತ್ತಿರ, ಗಾಳಿಯದ್ದು 1. ತಂತಿಯ ಮೇಲಿನ ನೀರ ಪದರ, ಜೋಡಿ ತಂತಿಯ ನಡುವಿನ ಪಾಚಿ ಎಲ್ಲ ಸೇರಿ ತಂತಿಯನ್ನು ವಿದ್ಯುತ್ ಲೆಕ್ಕದಲ್ಲಿ ಉದ್ದ ಮಾಡುತ್ತವೆ. ಅನುರಣನ ಕೆಳಗೆ ಜಾರುತ್ತದೆ. ಕರಾವಳಿಯಲ್ಲಿ ಇನ್ಸುಲೇಟರ್ ಮೇಲೆ ಕೂತ ಉಪ್ಪು ಒದ್ದೆಯಾದರೆ ಸೋರಿಕೆ ಬೇರೆ. ಮೇ ತಿಂಗಳಲ್ಲೇ ಒಮ್ಮೆ ಒರೆಸಿ, ಕನೆಕ್ಟರ್‌ಗೆ ತನ್ನಿಂದ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ.

ನ್ಯಾನೋವಿಎನ್‌ಎ (ಇಂಪಿಡೆನ್ಸ್ ಅಳೆಯುವ ಪುಟ್ಟ ಉಪಕರಣ) ತಗೊಂಡಿದ್ದೇನೆ. ಕೋಣೆಯಲ್ಲಿ ಅಳೆದರೆ ಸಾಕಾ?

ಕೋಣೆಯಲ್ಲಿ ಅಳೆದರೆ ಕೋಣೆಯಲ್ಲಿ ಏನಿದೆಯೋ ಅದು ಗೊತ್ತಾಗುತ್ತದೆ. ಆಂಟೆನಾದ ಇಂಪಿಡೆನ್ಸ್ ಬೇಕಾದರೆ ಎರಡು ದಾರಿ. ಉಪಕರಣವನ್ನು ಜೇಬಿಗೆ ಹಾಕಿಕೊಂಡು ತಾರಸಿ ಹತ್ತಿ. ಇಲ್ಲಾ ಕೇಬಲ್‌ನ ಆಂಟೆನಾ ತುದಿ ಬಿಚ್ಚಿ, ಅಲ್ಲಿಗೆ ಓಪನ್, ಶಾರ್ಟ್, 50 ಓಮ್ ಒಂದೊಂದಾಗಿ ಹಾಕಿ ಕ್ಯಾಲಿಬ್ರೇಟ್ ಮಾಡಿ. ಆಗ ಕೇಬಲ್‌ನ ಉದ್ದ, ನಷ್ಟ ಎರಡೂ ಲೆಕ್ಕದಿಂದ ಹೋಗುತ್ತವೆ. ಮೇಲೊಬ್ಬರು ಕೆಳಗೊಬ್ಬರು ಬೇಕು. ನಮ್ಮ ಮನೆಯಲ್ಲಿ ಮೇಲಿನ ಕೆಲಸ ಮಗಳದ್ದು, "ಅಪ್ಪ, ಶಾರ್ಟ್ ಹಾಕಿದೆ" ಅಂತ ಅವಳು ಕೂಗಿದ್ದು ಅರ್ಧ ಕೇರಿಗೆ ಕೇಳುತ್ತದೆ.